ಒಳಗೆ ಹೋಗಿ ನೋಡದ ತೊಲೆ

ಬಾಡಿಗೆಗೆಂದು ಮನೆ ಕಟ್ಟಿಸಬೇಕೆನ್ನುವವರು ಈಗಲೂ ನನ್ನ ಹತ್ತಿರ ಬರುತ್ತಾರೆ. ಜಾಗ ಎಲ್ಲಿ ಹಿಡಿಯಲಿ, ಎಂಥವರಿಗೆ ಕೊಡಲಿ ಎಂದು ಕೇಳುತ್ತಾರೆ. ಹೊಸಪೇಟೆಯಲ್ಲಿ ನನಗೆ ಈ ವಿಷಯ ತಿಳಿದವನೆಂಬ ಹೆಸರಿದೆ. ಯಾವ ಪುಣ್ಯಾತ್ಮ ಹುಟ್ಟಿಸಿದ ಹೆಸರೋ! ನಾನು ಕಟ್ಟಿಸಿದ ಮೊದಲ ಬಾಡಿಗೆ ಮನೆ ಒಬ್ಬ ಹೆಣ್ಣುಮಗಳ ಕಾಲು ತೆಗೆಯಿತು. ಬಂದವರಿಗೆ ಮೊದಲು ಅದನ್ನೇ ಹೇಳುತ್ತೇನೆ. ಅರ್ಧ ಜನ ಅಷ್ಟಕ್ಕೇ ಎದ್ದು ಹೋಗುತ್ತಾರೆ. ಕೂತವರಿಗೆ ಉಳಿದದ್ದನ್ನು ಹೇಳುತ್ತೇನೆ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ನಮ್ಮದು ಅಕ್ಕಿ ಅಂಗಡಿ. ಹಿಂದಿನ ಓಣಿಯಲ್ಲಿ ನಮ್ಮದೇ ಒಂದು ಖಾಲಿ ಜಾಗವಿತ್ತು. ಸಂಡೂರಿನ ಗುಡ್ಡಗಳಿಂದ ಮ್ಯಾಂಗನೀಸ್ ಅದಿರು ನಮ್ಮ ಸ್ಟೇಷನ್ನಿಗೆ ಬರುತ್ತಿತ್ತು, ಅದಿರಿನ ಹಿಂದೆ ಜನ ಬರುತ್ತಿದ್ದರು, ಬಂದವರಿಗೆ ಮನೆ ಬೇಕಿತ್ತು. ಕುರುಡನಿಗೂ ಕಾಣುವ ಸಂಗತಿ ಇದು. ಇಪ್ಪತ್ತಾರರ ಹರೆಯದಲ್ಲಿ ನನಗೊಬ್ಬನಿಗೇ ಕಂಡಿತೆಂದು ಮೆರೆದೆ. ಹೆಂಡತಿ ಮರುಮಾತಾಡದೆ ಸೊಂಟದ ಡಾಬು ಬಿಚ್ಚಿಕೊಟ್ಟಳು. ಅವಳ ತವರು ಕಂಪ್ಲಿ. ಅಲ್ಲಿ ನಮ್ಮ ಮಾವನವರು ಆಗಲೇ ನಾಲ್ಕಾರು ಮನೆ ಬಾಡಿಗೆಗೆ ಕೊಟ್ಟವರು. ಬುದ್ಧಿ ಕೇಳಲು ಅವರ ಹತ್ತಿರ ಹೋದೆ.

ಅವರದು ಕಡಿಮೆ ಮಾತು. ನೀರು ಹತ್ತಿರವಿರುವ ಕಡೆ ಕಟ್ಟಿಸಬೇಕು, ನೀರು ದೂರವಾದರೆ ಗಂಡಸು ಸುಮ್ಮನಿದ್ದರೂ ಹೆಂಗಸು ಮನೆ ಬಿಡಿಸುತ್ತಾಳೆ ಎಂದರು. ನೆಂಟರಿಗೆ ಮಾತ್ರ ಕೊಡಬಾರದು, ಬಾಡಿಗೆಯ ಜೊತೆ ನೆಂಟಸ್ತನವೂ ಹೋಗುತ್ತದೆ ಎಂದರು. ನಾನು ಎದ್ದು ಹೊರಟಾಗ ಬಾಗಿಲತನಕ ಬಂದು ಇನ್ನೊಂದು ಮಾತು ಸೇರಿಸಿದರು.

"ವರ್ಷಾ ವರ್ಷಾ ಮಾಳಿಗಿಗೆ ಮಣ್ಣು ಹಾಕಸ್ರಿ. ಆದ್ರ ಹಾಕ್ಸೋಕಿಂತ ಮೊದ್ಲ ಒಳಗ ಹೋಗಿ ತೊಲಿ ನೋಡ್ರಿ."

ನಮ್ಮ ಕಡೆಯ ಮನೆಗಳು ಆಗ ಮಣ್ಣಿನ ಮಾಳಿಗೆಯವು. ನಡುವೆ ದಪ್ಪ ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ಸಣ್ಣ ಕಟ್ಟಿಗೆ, ಅದರ ಮೇಲೆ ಗೇಣು ದಪ್ಪ ಮಣ್ಣು. ಮುಂಗಾರಿಗೆ ಮುಂಚೆ ಹಳೆಯ ಮಣ್ಣನ್ನು ಕೆರೆದು ಇಳಿಸಿ, ಹಾಳುಮಣ್ಣು ಹರಡಿ ಬಡಿಯುತ್ತಾರೆ. ಹಾಳುಮಣ್ಣೆಂದರೆ ಹಳೆಯ ಊರು ಬಿದ್ದ ದಿಬ್ಬದ ಮಣ್ಣು. ಮಳೆ ನೀರನ್ನು ಅದರಷ್ಟು ಚೆನ್ನಾಗಿ ಬೇರೆ ಯಾವ ಮಣ್ಣೂ ತಡೆಯುವುದಿಲ್ಲ. ಹಂಪಿಯ ಮಗ್ಗುಲಲ್ಲಿರುವ ನಮಗೆ ಅಂಥ ದಿಬ್ಬಗಳ ಬರವೇ? ಬಂಡಿಗಟ್ಟಲೆ ಬರುತ್ತಿತ್ತು.

ಮನೆ ಎದ್ದಿತು. ಕಾಲುವೆಗೆ ನೂರು ಹೆಜ್ಜೆ. ಕೆಡವಿದ ಒಂದು ಹಳೆಯ ಮನೆಯ ತೊಲೆ ಅಗ್ಗಕ್ಕೆ ಸಿಕ್ಕಿತ್ತು. ಎಣ್ಣೆ ಬಳಿಸಿ ಹಾಕಿಸಿದೆ, ಮಿರಿಮಿರಿ ಮಿಂಚಿತು. ಆದರೆ ಆರು ತಿಂಗಳು ಯಾರೂ ಬರಲಿಲ್ಲ. ಕೊನೆಗೆ ಸಂಡೂರಿನ ಕಡೆಯ ಗಂಡ ಹೆಂಡತಿ ಬಂದು ಕೇಳಿದರು. ಆತ ಸ್ಟೇಷನ್ನಿನಲ್ಲಿ ಅದಿರು ತುಂಬುವ ಹಮಾಲರ ಮೇಸ್ತ್ರಿ. ಮಾಂಸ ತಿನ್ನುವ ಮಂದಿ. ನಾವು ಲಿಂಗ ಕಟ್ಟಿದವರು, ಓಣಿಯೆಲ್ಲ ನಮ್ಮವರದೇ. ಹಿರಿಯರು ಗೊಣಗಿದರು. ಕೊಟ್ಟರೆ ತಪ್ಪೇನು, ಅವರೂ ಮನುಷ್ಯರಲ್ಲವೇ ಎಂದು ನಾನು ಕಟ್ಟೆಯ ಮೇಲೆ ನಿಂತು ಭಾಷಣ ಬಿಗಿದು ಬೀಗದ ಕೈ ಕೊಟ್ಟೆ.

ಕೊಟ್ಟೆ, ಆದರೆ ಆ ಹೊಸ್ತಿಲು ದಾಟಲಿಲ್ಲ. ಅವರ ಒಲೆ ಉರಿಯುವ ಮನೆಯೊಳಗೆ ಕಾಲಿಡುವುದು ನನ್ನಿಂದ ಆಗಲಿಲ್ಲ. ಯಾರಿಗೂ ಹೇಳಲಿಲ್ಲ, ನನಗೆ ನಾನೂ ಹೇಳಿಕೊಳ್ಳಲಿಲ್ಲ. ತಿಂಗಳಿಗೊಮ್ಮೆ ಹೊರಗೆ ನಿಂತು ಕೂಗುತ್ತಿದ್ದೆ. ಆಕೆ ಚಾಪೆ ತಂದು ಹಾಸಿ, "ಕುಂದ್ರಿ ಅಣ್ಣಾರ," ಎನ್ನುತ್ತಿದ್ದಳು. ಅವಸರ ಐತಿ ಎಂದು ನಿಂತೇ ಇರುತ್ತಿದ್ದೆ. ನೀರು ಬೇಕೇ ಎಂದು ಆಕೆ ಒಂದು ದಿನವೂ ಕೇಳಲಿಲ್ಲ. ನಾನು ಕುಡಿಯುವವನಲ್ಲವೆಂದು ಆಕೆಗೆ ಗೊತ್ತಿತ್ತು, ಗೊತ್ತಿಲ್ಲದವರಂತೆ ಇಬ್ಬರೂ ನಡೆದುಕೊಂಡೆವು.

ಭಾಳ ಚುರುಕಿನ ಹೆಂಗಸು. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ಕಾಲುವೆಯಿಂದ ಬರುವುದನ್ನು ನೋಡಿದರೆ ನೀರಿಗೆ ಭಾರವೇ ಇಲ್ಲವೇನೋ ಅನಿಸುತ್ತಿತ್ತು. ಆಕೆ ನಡೆಯುವುದಿಲ್ಲ, ಹಾರುತ್ತಾಳೆ ಎಂದು ನನ್ನ ಹೆಂಡತಿ ನಗುತ್ತಿದ್ದಳು.

ಪ್ರತಿ ವರ್ಷ ತಪ್ಪದೆ ಮಣ್ಣು ಹಾಕಿಸಿದೆ. ಆದರೆ ಹಳೆಯದನ್ನು ಕೆರೆಸಲಿಲ್ಲ. ಕೆರೆದರೆ ಒಳಗೆ ಮಣ್ಣು ಉದುರುತ್ತದೆ, ಮನೆಯ ಯಜಮಾನ ಒಳಗೆ ನಿಂತು ಕೆಲಸ ಮಾಡಿಸಬೇಕು. ಆ ಉಸಾಬರಿ ಯಾಕೆಂದು ಹಳೆಯದರ ಮೇಲೇ ಹೊಸದನ್ನು ಸುರಿಸಿದೆ. ಬಾಡಿಗೆ ಮನೆಗೆ ಇಷ್ಟು ಮಣ್ಣು ಯಾರು ಹಾಕಿಸುತ್ತಾರೆ ಎಂದು ಓಣಿಯವರು ಹೊಗಳಿದರು. ನಾನು ಉಬ್ಬಿದೆ.

ನಾಲ್ಕನೇ ವರ್ಷ, ಮುಂಗಾರಿಗೆ ಇನ್ನೂ ಹದಿನೈದು ದಿನವಿದ್ದಾಗ, ಆಕೆ ಚಾಪೆ ಹಾಸಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅಣ್ಣಾರ, ತೊಲಿ ಬಾಗೇತ್ರಿ. ಒಮ್ಮಿ ಒಳಗ ಬಂದು ನೋಡ್ರಿ."

ನಿಂತಲ್ಲಿಂದಲೇ ಕುತ್ತಿಗೆ ಉದ್ದ ಮಾಡಿ ಇಣುಕಿದೆ. ಬಿಸಿಲಲ್ಲಿ ನಿಂತ ಕಣ್ಣಿಗೆ ಒಳಗಿನ ಕತ್ತಲಲ್ಲಿ ಏನು ಕಾಣಬೇಕು? ಸೋರುತ್ತದೆಂಬ ಹೆದರಿಕೆ ಇರಬೇಕು ಎಂದುಕೊಂಡು, ಈ ಸಲ ಎರಡು ಬಂಡಿ ಮಣ್ಣು ಹಾಕಿಸುತ್ತೇನೆ ಎಂದೆ. ಆಕೆ ನನ್ನ ಕಾಲನ್ನೊಮ್ಮೆ, ಹೊಸ್ತಿಲನ್ನೊಮ್ಮೆ ನೋಡಿ ಒಳಗೆ ಹೋದಳು. ಮನೆಯಲ್ಲಿ ಹೇಳಿದಾಗ, ನೀವು ಹೋಗದಿದ್ದರೆ ನಾನೇ ಹೋಗಿ ನೋಡಿ ಬರುತ್ತೇನೆ ಎಂದು ಹೆಂಡತಿ ಸೆರಗು ಸಿಕ್ಕಿಸಿದಳು. ಗದರಿಸಿ ಕೂರಿಸಿದೆ. ನನ್ನ ಬಾಳಿನಲ್ಲಿ ಆಡಿದ ಕೆಟ್ಟ ಮಾತೆಂದರೆ ಅದೇ. ಎರಡು ಬಂಡಿ ಮಣ್ಣು ಮಾತಿನಂತೆ ಬಿತ್ತು.

ಆ ವರ್ಷ ಉತ್ತರೆ ಮಳೆ ಎರಡು ದಿನ ಬಿಡದೆ ಹೊಡೆಯಿತು. ಮೂರನೆಯ ಬೆಳಿಗ್ಗೆ ಅಂಗಡಿಯಲ್ಲಿದ್ದೆ. ಅಕ್ಕಿಯ ಚೀಲಗಳು ಒಟ್ಟಿಗೆ ಉರುಳಿದಂಥ ಸದ್ದು ಬಂತು. ನಮ್ಮ ಚೀಲಗಳು ಇದ್ದಲ್ಲೇ ಇದ್ದವು. ಓಡಿದೆ.

ಬಾಗಿಲ ಚೌಕಟ್ಟು ನೆಟ್ಟಗೆ ನಿಂತಿತ್ತು, ಹಿಂದೆ ಮಾಳಿಗೆ ಇರಲಿಲ್ಲ. ಆ ಹೊಸ್ತಿಲನ್ನು ನಾನು ಮೊದಲ ಸಲ ದಾಟಿದ್ದು ಆಗ. ಗಂಡ ಸ್ಟೇಷನ್ನಿನಲ್ಲಿದ್ದ, ಆಕೆ ಒಲೆಯ ಮುಂದಿದ್ದಳು. ಓಣಿಯವರೆಲ್ಲ ಸೇರಿ ಕೈಯಲ್ಲೇ ಮಣ್ಣು ಬಗೆದೆವು. ಎಷ್ಟು ಬಗೆದರೂ ಮಣ್ಣೇ. ಅಷ್ಟನ್ನೂ ನಾನೇ ಕಳಿಸಿದ್ದು. ಮುರಿದ ತೊಲೆ ಅಡ್ಡ ಬಿದ್ದಿತ್ತು. ಹೊರಗೆ ಥಳಕು, ಒಳಗೆ ಹುಳುಕು ಅನ್ನುತ್ತಾರಲ್ಲ, ಹಾಗೆ ಎಣ್ಣೆಯ ಹೊಳಪಿನ ಒಳಗೆ ಪೂರಾ ಗೆದ್ದಲು ತಿಂದಿತ್ತು. ಒಳಗೆ ನಿಂತು ಒಂದು ಕೋಲಿನಿಂದ ತಟ್ಟಿದ್ದರೆ ತಿಳಿಯುತ್ತಿತ್ತು.

ಜೀವ ಉಳಿಯಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಖರ್ಚೆಲ್ಲ ನಾನೇ ಕೊಟ್ಟೆ. ಕೊಟ್ಟೆನೆಂದು ಹೇಳಿಕೊಳ್ಳಲೂ ನಾಚಿಕೆಯಾಗುತ್ತದೆ. ಗಂಡ ಬೈಯಲಿಲ್ಲ, ಪಂಚರನ್ನು ಸೇರಿಸಲಿಲ್ಲ. ಊರು ಬಿಡುವ ದಿನ ಬೀಗದ ಕೈ ಕೊಡಲು ಬಂದು ನಮ್ಮ ಮನೆಯ ಹೊರಗೆ ನಿಂತ. ಒಳಗೆ ಬಾ ಎಂದು ಎರಡು ಸಲ ಕರೆದೆ. "ಬ್ಯಾಡ್ರಿ," ಎಂದ. ಬೀಗದ ಕೈಯನ್ನು ಕಟ್ಟೆಯ ಮೇಲಿಟ್ಟು ಹೋದ. ಆ ಮನೆಗೆ ಮಾಳಿಗೆಯೇ ಉಳಿದಿರಲಿಲ್ಲ, ಬೀಗದ ಕೈ ತೆಗೆದುಕೊಂಡು ನಾನೇನು ಮಾಡಬೇಕಿತ್ತೋ!

ಎರಡು ವರ್ಷ ಹೋಗಲೋ ಬೇಡವೋ ಎಂದು ಒದ್ದಾಡಿ ಒಂದು ದಿನ ಸಂಡೂರಿಗೆ ಹೋದೆ. ತಪ್ಪಾಯಿತು ಎನ್ನಬೇಕೆಂದು ಗುಡ್ಡದ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಊರ ಅಂಚಿನಲ್ಲಿ ಅವರದೇ ಸಣ್ಣ ಮನೆ. ಆಕೆ ಗೋಡೆಗೆ ಒರಗಿ ಜೋಳ ಹಸನು ಮಾಡುತ್ತಿದ್ದಳು. ನನ್ನ ಕಾಲು ಹಳೆಯ ರೂಢಿಯಂತೆ ಹೊಸ್ತಿಲ ಹೊರಗೇ ನಿಂತಿತು.

"ಬರ್ರಿ ಅಣ್ಣಾರ, ಒಳಗ ಬರ್ರಿ," ಎಂದಳು.

ಒಳಗೆ ಹೋದೆ. ಬಾಯಿಪಾಠ ಮಾಡಿದ್ದು ಬಾಯಿಗೆ ಬರುವ ಮೊದಲೇ ನನಗರಿವಿಲ್ಲದೆ ಕುತ್ತಿಗೆ ಮೇಲಕ್ಕೆ ಹೋಗಿ ಕಣ್ಣು ತೊಲೆಯನ್ನು ಹುಡುಕಿತು. ಆಕೆ ಅದನ್ನು ನೋಡಿದಳು.

"ನಮ್ಮ ತೊಲಿ ಗಟ್ಟಿ ಐತ್ರಿ. ಅಂಜಬ್ಯಾಡ್ರಿ, ಕುಂದ್ರಿ."

ಕುಳಿತೆ. ನೀರು ಕುಡಿಯುತ್ತೀರಾ ಎಂದು ಆಕೆ ಮೊದಲ ಸಲ ಕೇಳಿದಳು. ಹೂಂ ಎಂದೆ. ಕೊಡ ಇದ್ದ ಮೂಲೆಗೆ ಹೋಗಲು ಆಕೆ ಗೋಡೆ ಹಿಡಿದು ಮೆಲ್ಲಗೆ ಏಳತೊಡಗಿದಳು.