ಫೈಲಿನಿಂದ ಮಾಯವಾಗುತ್ತಿದ್ದ ಕೊಪ್ಪರಿಗೆ

"ಕೂಲಿ ಮಾಡೋರ ಮನೇಲಿ ಡಿಗ್ರಿ ಉಟ್ಟಕಿಲ್ಲ ಕಣ್ಲಾ ತಮ್ಮ. ಎಸ್ಸೆಲ್ಸಿ ಆಯ್ತಲ್ಲ, ಬುಡ್ಸು ಸಾಕು" ಎಂದು ನಮ್ಮಪ್ಪನಿಗೆ ಹೇಳಿದ್ದವರು ನಮ್ಮ ದೊಡ್ಡಪ್ಪ. ಅಪ್ಪ ಎದ್ದು ಕೆಲಸಕ್ಕೆ ಹೋದರು. ನಾನು ಓದು ಬಿಡಲಿಲ್ಲ. ಮಾಂಬಳ್ಳಿಯಿಂದ ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿ ಬಿಸಿಎ ಕೊನೆಯ ಸೆಮಿಸ್ಟರಿನವರೆಗೆ ಬಂದೆ. ನಾನು ಹೇಳಹೊರಟಿರುವುದು ಹೋದ ವರ್ಷ ಆ ಸೆಮಿಸ್ಟರಿನಲ್ಲಿ ನಡೆದದ್ದು. ಉಳಿದಿದ್ದು ಪ್ರಾಜೆಕ್ಟ್ ಒಂದೇ. ಅದು ಪಾಸಾದರೆ ನಮ್ಮ ವಂಶಕ್ಕೇ ಮೊದಲ ಡಿಗ್ರಿ. ಇಲ್ಲದಿದ್ದರೆ ದೊಡ್ಡಪ್ಪನ ಮಾತೇ ಗೆದ್ದ ಹಾಗೆ.

ಜೊತೆಯವರೆಲ್ಲ ಆಸ್ಪತ್ರೆ, ಲೈಬ್ರರಿ ಎಂದು ಆರಿಸಿಕೊಂಡರೆ ನಾನು ನಮ್ಮೂರ ಹೆಂಗಸರ ಸಂಘದ ಪಾತ್ರೆಗಳನ್ನು ಹಿಡಿದುಕೊಂಡೆ. ನಮ್ಮಲ್ಲಿ ಮದುವೆ, ನಾಮಕರಣ, ತಿಥಿ ಏನೇ ಇರಲಿ, ಕೊಪ್ಪರಿಗೆ, ಹಂಡೆ, ಜಮಖಾನ ಎಲ್ಲ ಸಂಘದಿಂದಲೇ ಹೋಗಬೇಕು. ಕೇಳಿ ಬಂದವರಿಗೆ ಒಪ್ಪಿಗೆ ಕೊಡುವವರು ಇಬ್ಬರು. ಮೇಲಿನ ಬೀದಿಯಲ್ಲಿ ನಮ್ಮವ್ವ, ಕೆಳಗಿನ ಬೀದಿಯಲ್ಲಿ ನಮ್ಮತ್ತೆ, ಅಂದರೆ ಅಪ್ಪನ ತಂಗಿ. ಯಾವ ಸಾಮಾನು ಯಾವ ದಿನ ಯಾರಿಗೆ ಎಂಬುದನ್ನು ಇಬ್ಬರೂ ತಮ್ಮ ತಮ್ಮ ಫೋನಿನಲ್ಲೇ ಹಾಕಬೇಕು, ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಕಾಣಬೇಕು. ಇಷ್ಟೇ ನನ್ನ ಪ್ರಾಜೆಕ್ಟ್.

ನಮ್ಮ ಗೈಡ್ ಸರ್ ಮೊದಲ ದಿನವೇ ಕೇಳಿದರು, "ಸರ್ವರ್ ಎಲ್ಲಿದೆಯಮ್ಮ?"

"ಸರ್ವರ್ ಇಲ್ಲ ಸಾ."

"ಡೇಟಾಬೇಸು?"

"ಒಂದು ಜೇಸನ್ ಫೈಲು ಸಾ. ಕ್ಲೌಡಲ್ಲಿ ಇಟ್ಟಿದೀನಿ."

ಸರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಸರಿ. ಊರಲ್ಲಿ ಉಪಯೋಗಿಸಿ ತೋರ್ಸು. ಆದರೆ ಹಾಕಿದ ಎಂಟ್ರಿ ಒಂದೂ ಕಳೀಬಾರದು. ಕಳೆದರೆ ನಿನ್ನ ವೈವಾಗೆ ಕಳಿಸಲ್ಲ."

ಅದೇನು ದೊಡ್ಡ ವಿದ್ಯೆಯಲ್ಲ. ಇಂಟರ್‌ನೆಟ್ಟಿನಲ್ಲಿ ಸಾಮಾನು ಇಡಲು ಒಂದಿಷ್ಟು ಜಾಗ ಪುಕ್ಕಟೆ ಸಿಗುತ್ತದೆ. ಅಲ್ಲಿ ಒಂದು ಫೈಲು, ಪಟ್ಟಿ ಬರೆದಿಟ್ಟ ಹಾಳೆಯ ಹಾಗೆ. ಫೋನಿನಲ್ಲಿ ಪುಟ ತೆರೆದರೆ ಆ ಫೈಲು ಪೂರ್ತಿ ಫೋನಿಗೆ ಬರುತ್ತದೆ. ಹೊಸದನ್ನು ಸೇರಿಸಿ ಬಟನ್ ಒತ್ತಿದರೆ ಪೂರ್ತಿ ಫೈಲು ವಾಪಸ್ ಹೋಗಿ ಕೂರುತ್ತದೆ. ಸಾರಿನ ಪಾತ್ರೆಯನ್ನೇ ಮನೆಗೆ ತಂದು, ಉಪ್ಪು ಹಾಕಿ, ಪಾತ್ರೆ ಸಮೇತ ತಿರುಗಿ ಇಟ್ಟುಬಂದ ಹಾಗೆ. ಕಾಲೇಜಿನಲ್ಲಿ ಎಷ್ಟು ಸಲ ಮಾಡಿ ನೋಡಿದರೂ ಸರಿಯಾಗಿ ನಡೆಯಿತು. ಅವ್ವ ಮತ್ತು ಅತ್ತೆಗೆ ಅಕ್ಷರಕ್ಕಿಂತ ಚಿತ್ರ ಸುಲಭವೆಂದು ಪಾತ್ರೆಗಳ ಫೋಟೊ ಹಾಕಿದೆ. "ಕೊನೇಲಿ ಈ ಹಸಿರು ಬಟನ್ ಒತ್ಬೇಕು. ಒತ್ತಿದ್ರೆ ಸಾಮಾನು ಕೊಟ್ಟಂಗೆ" ಎಂದು ಕಲಿಸಿಕೊಟ್ಟೆ.

ಮೊದಲ ವಾರದಲ್ಲೇ ಹನೂರಿನಿಂದ ಒಬ್ಬರು ಟೆಂಪೊ ಮಾಡಿಕೊಂಡು ಕೊಪ್ಪರಿಗೆಗೆ ಬಂದರು. ಅವರ ಮನೆಯಲ್ಲಿ ಮಾರನೆಯ ದಿನ ನಿಶ್ಚಿತಾರ್ಥ. ಅತ್ತೆ ಒಪ್ಪಿಕೊಂಡು ಫೋನಿನಲ್ಲಿ ಹಾಕಿದ್ದರಂತೆ. ಫೋನಿನಲ್ಲಿ ನೋಡಿದರೆ ಆ ಎಂಟ್ರಿಯೇ ಇಲ್ಲ! ಇದ್ದ ಒಂದೇ ಕೊಪ್ಪರಿಗೆ ಆಗಲೇ ಅವ್ವನ ಕಡೆಯಿಂದ ಬೇರೆಯವರ ಮನೆ ಸೇರಿ ಒಲೆಯ ಮೇಲೆ ಕೂತಿತ್ತು.

"ಅಂಗಾದ್ರೆ ನಾನು ತಪಲೇಲಿ ಅನ್ನ ಮಾಡ್ಲಾ ಇನ್ನೂರು ಜನಕ್ಕೆ?" ಎಂದು ಆ ಮನುಷ್ಯ ಟೆಂಪೊದಿಂದ ಇಳಿಯದೆಯೇ ಕೂಗಾಡಿದರು.

ಅತ್ತೆ ನೆಟ್ಟಗೆ ನಮ್ಮ ಮನೆಗೆ ಬಂದರು. "ಅತ್ತಿಗೆ, ನಾನ್ ಆಕಿದ್ನ ಯಾಕ್ ಅಳ್ಸುದೆ?"

"ನಾನ್ಯಾಕ್ ಅಳ್ಸನವ್ವ? ನಂಗೆ ಆಕಕ್ಕೇ ಸರಿಯಾಗಿ ಬರಕಿಲ್ಲ, ಅಳ್ಸಕ್ ಬತ್ತದಾ?"

"ಬಂದ್ರೂ ಬತ್ತದೆ. ಮಗಳು ಕಂಪೂಟ್ರು ಓದೌಳಲ್ಲ!"

ಆ ಮಾತು ನನಗೇ ತಾಗಿತು. ನಾನು ಬರೆದದ್ದರಲ್ಲಿ ಅಳಿಸುವ ಬಟನ್ನೇ ಇರಲಿಲ್ಲ. ಇಲ್ಲದ ಬಟನ್ನನ್ನು ಯಾರು ಒತ್ತಿಯಾರು? ಆಮೇಲೂ ಎಂಟ್ರಿಗಳು ಮಾಯವಾಗುತ್ತಲೇ ಹೋದವು. ಒಮ್ಮೆ ಅತ್ತೆಯದು, ಇನ್ನೊಮ್ಮೆ ಅವ್ವನದು. ಸೋಮವಾರ ಬೆಳಿಗ್ಗೆ ಹಾಕಿದ್ದು ಹೋಯಿತು. ಮಂಗಳವಾರ ಬೆಳಿಗ್ಗೆಯದು ಗಟ್ಟಿಯಾಗಿ ಇತ್ತು, ಮಧ್ಯಾಹ್ನದ್ದು ಹೋಯಿತು. ಶುಕ್ರವಾರ ಮತ್ತೆ ಬೆಳಗಿನದೇ ಇಲ್ಲ. ಇದಕ್ಕೆ ತಲೆ ಯಾವುದು ಬಾಲ ಯಾವುದು ಎಂದೇ ತಿಳಿಯಲಿಲ್ಲ. ಟವರ್ ಸಮಸ್ಯೆ ಇರಬಹುದೆಂದು ಮಾರ್ಟಳ್ಳಿಯ ನನ್ನ ಗೆಳತಿ ಸೆಲ್ವಿಗೆ ಅವರೂರಿನಿಂದ ಹಾಕಿ ನೋಡಲು ಹೇಳಿದೆ. ಅವರ ಮನೆಯಲ್ಲಿ ಸಿಗ್ನಲ್ ಸಿಗಬೇಕಾದರೆ ತಾರಸಿಗೆ ಹತ್ತಬೇಕು. "ಇಲ್ಲೇ ಇದೆ ಪಾ, ಎಲ್ಲೂ ಹೋಗಿಲ್ಲ" ಎಂದಳು. ಅಲ್ಲಿ ಉಳಿದದ್ದು ನಮ್ಮೂರಿನಲ್ಲಿ ಏಕೆ ಉಳಿಯದು? ಬರೆದ ಕೋಡನ್ನು ಸಾಲು ಸಾಲಾಗಿ ಓದಿದೆ. ತಪ್ಪೇ ಕಾಣಲಿಲ್ಲ. ತಪ್ಪು ಕಂಡಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ.

ಅತ್ತ ಅತ್ತೆ ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಇತ್ತ ಸರ್, "ವೈವಾ ಹತ್ತಿರ ಬಂತು. ಹೀಗೇ ಆದ್ರೆ ಮುಂದಿನ ವರ್ಷ ಬಾಮ್ಮ" ಎಂದರು. ಮುಂದಿನ ವರ್ಷ ಎಂಬುದು ನಮ್ಮಂಥ ಮನೆಯಲ್ಲಿ ಬರುವುದಿಲ್ಲ ಎಂದು ಅವರಿಗೆ ಹೇಗೆ ಹೇಳಲಿ?

ಒಂದು ಶುಕ್ರವಾರ ಕಾಲೇಜಿಗೆ ಹೋಗದೆ ಅವ್ವನ ಪಕ್ಕದಲ್ಲೇ ಕುಳಿತೆ. ಯಾರೋ ಹಂಡೆ ಕೇಳಿ ಬಂದರು. ಅವ್ವ ಫೋನು ತೆಗೆದು, ಫೋಟೊ ಮುಟ್ಟಿ, ಹೆಸರು ಹಾಕಿದಳು. ಎಲ್ಲ ಸರಿ. ಆಮೇಲೆ ಫೋನನ್ನು ಹಾಗೇ ಅಕ್ಕಿ ಡಬ್ಬದ ಮೇಲಿಟ್ಟು ಸೊಪ್ಪು ಬಿಡಿಸಲು ಕೂತಳು.

"ಅವ್ವ, ಬಟನ್ ಒತ್ತಲ್ವಾ?"

"ರಾವುಕಾಲ ಕಣಮ್ಮಿ. ಮದ್ವೆ ಸಾಮಾನ ರಾವುಕಾಲದಲ್ಲಿ ಕೊಟ್ಟಾರಾ ಯಾರಾದ್ರೂ?"

"ನೀನೆಲ್ಲಿ ಕೊಡ್ತಾ ಇದೀಯ? ಬರೀ ಬರೀತಾ ಇದೀಯ!"

"ಬರೆಯಾದು ಬ್ಯಾರೆ. ಒತ್ತಿದ್ರೆ ಕೊಟ್ಟಂಗೆ ಅಂತ ನೀನೇ ತಾನೆ ಏಳ್ದೋಳು?"

ನನಗೆ ಏನೋ ಹೊಳೆದಂತಾಯಿತು, ಆದರೆ ಪೂರ್ತಿ ಹೊಳೆಯಲಿಲ್ಲ. ಚಪ್ಪಲಿ ಹಾಕಿಕೊಳ್ಳದೆ ಅತ್ತೆ ಮನೆಗೆ ಓಡಿದೆ. ಅವರ ಫೋನೂ ದೇವರ ಗೂಡಿನಲ್ಲಿ ಹಾಗೇ ಕಾಯುತ್ತಿತ್ತು. ಬರೆದದ್ದು ಮುಗಿದಿದೆ, ಒತ್ತಿಲ್ಲ. ಅತ್ತೆ ಗೋಡೆಯ ಗಡಿಯಾರ ನೋಡುತ್ತ, "ಇನ್ನೊಂದೀಟೊತ್ತು ಕೂತ್ಕೊ" ಎಂದರು.

ಹನ್ನೆರಡಾಯಿತು. ರಾಹುಕಾಲ ಕಳೆಯಿತು. ಅತ್ತೆ ಫೋನನ್ನು ಕಣ್ಣಿಗೊತ್ತಿಕೊಂಡು ಹಸಿರು ಬಟನ್ ಒತ್ತಿದರು. ನನ್ನ ಫೋನಿನಲ್ಲಿ ನೋಡಿದೆ, ಅವರ ಎಂಟ್ರಿ ಬಂದಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದೆ. ಮೇಲಿನ ಬೀದಿಯಲ್ಲಿ ಅವ್ವ ಒತ್ತಿರಬೇಕು, ಅವಳ ಹಂಡೆ ಬಂದಿತ್ತು. ಅತ್ತೆಯದು ಇರಲಿಲ್ಲ.

"ನೋಡ್ದಾ ನಿಮ್ಮವ್ವನ್ನ! ಅಳ್ಸೇಬುಟ್ಳು!"

ನಾನು ನಗಬೇಕೋ ಅಳಬೇಕೋ ತಿಳಿಯದೆ ಅಲ್ಲೇ ನೆಲದ ಮೇಲೆ ಕುಳಿತೆ. ಇಬ್ಬರೂ ಒಂದೇ ಹಳೆಯ ಫೈಲನ್ನು ಫೋನಿಗೆ ತಂದಿಟ್ಟುಕೊಂಡಿದ್ದರು. ರಾಹುಕಾಲ ಮುಗಿದದ್ದೇ ಇಬ್ಬರೂ ಒತ್ತುತ್ತಿದ್ದರು. ಆಮೇಲೆ ಒತ್ತಿದವರ ಸಾರಿನ ಪಾತ್ರೆ ಮೊದಲು ಇಟ್ಟವರ ಪಾತ್ರೆಯನ್ನು ತಳ್ಳಿ ಕೂರುತ್ತಿತ್ತು, ಅಷ್ಟೇ. ರಾಹುಕಾಲ ದಿನಕ್ಕೊಂದು ಹೊತ್ತಿಗೆ ಬರುವುದರಿಂದ ಮಾಯವಾಗುವ ಹೊತ್ತೂ ದಿನಕ್ಕೊಂದಾಗಿತ್ತು. ನಾನೂ ಸೆಲ್ವಿಯೂ ಬರೆದ ಕೂಡಲೇ ಒತ್ತುವವರು. ನಮಗೆ ಇದು ಕಾಣುವ ದಾರಿಯೇ ಇರಲಿಲ್ಲ.

ಅವ್ವನನ್ನು ಅಲ್ಲಿಗೇ ಕರೆಸಿ, ಇಬ್ಬರೆದುರೂ ಮತ್ತೆ ಮಾಡಿ ತೋರಿಸಿದೆ. ಈ ಸಲ ಅವ್ವ ಮೊದಲು ಒತ್ತಿದಳು, ಮಾಯವಾದದ್ದು ಅವಳದೇ. ಅತ್ತೆ ಬಾಯಿ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಅತ್ತಿಗೆ, ನಾನೂ ಅಳ್ಸಿದ್ದೀನಲ್ಲ!"

"ಅಳ್ಸಿದ್ದು ನಾವಲ್ಲ ಕಣವ್ವ, ಈ ಅಮ್ಮಿ" ಎಂದು ಅವ್ವ ನನ್ನ ತಲೆಗೆ ಮೊಟಕಿದಳು. ತಿಂಗಳ ಮೇಲೆ ಇಬ್ಬರೂ ಒಟ್ಟಿಗೆ ನಕ್ಕಿದ್ದು ಅಂದೇ.

ರಾಹುಕಾಲ ಬಿಡಿ ಎಂದು ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ. ಸರ್ ದಾರಿ ತೋರಿಸಿದ ಮೇಲೆ ಕೋಡನ್ನೇ ತಿದ್ದಿದೆ. ಫೈಲು ತಿರುಗಿ ಇಡುವ ಮುಂಚೆ, ಅಲ್ಲಿರುವುದು ನಾನು ತಂದದ್ದೇ ಹೌದೇ ಎಂದು ಅದು ನೋಡಬೇಕು. ನಡುವೆ ಬೇರೆಯವರು ಬದಲಿಸಿದ್ದರೆ ಹೊಸದನ್ನು ತಂದು, ಅದಕ್ಕೆ ಸೇರಿಸಿ ಇಡಬೇಕು. ಒಂದೇ ಸಾಮಾನನ್ನು ಇಬ್ಬರೂ ಒಂದೇ ದಿನಕ್ಕೆ ಕೊಟ್ಟಿದ್ದರೆ ಕೆಂಪಗೆ ತೋರಿಸಬೇಕು. ಅಂದಿನಿಂದ ಒಂದು ಎಂಟ್ರಿಯೂ ಕಳೆಯಲಿಲ್ಲ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, "ಈ ತೊಂದರೆ ಹೇಗೆ ಕಂಡುಹಿಡಿದೆ?" ಎಂದು ಕೇಳಿದರು. ಸುಳ್ಳು ಹೇಳಲು ತೋಚದೆ, "ರಾಹುಕಾಲದಿಂದ ಸಾ" ಎಂದುಬಿಟ್ಟೆ. ಅವರು ನಗಲಿಲ್ಲ. ಇಡೀ ಕಥೆ ಕೇಳಿ, ತಮ್ಮ ಫೋನಿನಲ್ಲೂ ಸರ್ ಫೋನಿನಲ್ಲೂ ಪುಟ ತೆರೆದು, ಎರಡರಲ್ಲೂ ಬರೆದು, ಇಬ್ಬರೂ ಒಟ್ಟಿಗೆ ಒತ್ತಿದರು. ಎರಡೂ ಉಳಿದವು.

ಈಗಲೂ ಯಾವುದಾದರೂ ಕೆಲಸ ಮುಗಿಯಿತು ಎನ್ನುವಾಗ ನನಗೆ ಒಂದು ಅನುಮಾನ ಇದ್ದೇ ಇರುತ್ತದೆ. ಉಪಯೋಗಿಸುವವರ ಪಕ್ಕ ಹೋಗಿ ಕುಳಿತು ನೋಡುವವರೆಗೆ ಅದು ಹೋಗುವುದಿಲ್ಲ.

ಸರ್ಟಿಫಿಕೇಟ್ ಕೊಡುವ ದಿನ ಅವ್ವ, ಅಪ್ಪ, ಅತ್ತೆ ಮೂವರೂ ಕೊಳ್ಳೇಗಾಲಕ್ಕೆ ಬಂದಿದ್ದರು. ನನ್ನ ಹೆಸರು ಕರೆದಾಗ ಅಪ್ಪ ಎದ್ದು ನಿಂತವರು ನಾನು ವೇದಿಕೆಯಿಂದ ಇಳಿಯುವವರೆಗೂ ಕೂರಲಿಲ್ಲ. ನಾನು ಸರ್ಟಿಫಿಕೇಟನ್ನು ತಂದು ಅವ್ವನ ಕೈಗೆ ಕೊಟ್ಟೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ತೆಗೆದುಕೊಂಡಳು. ತುಂಬ ಹೊತ್ತು ನೋಡಿ ಹೇಳಿದಳು:

"ನಾವೆಲ್ಲ ಇದ್ನ ನೋಡಕ್ಕೆ ಬಸ್ ಅತ್ಕಂಡು ಬಂದೋ. ನಿನ್ ಮಗಳು ಡಿಗ್ರಿ ತಕಳೊ ಒತ್ಗೆ ಇದು ಎಷ್ಟು ಸಾಮಾನ್ಯ ಆಗ್ಲಿ ಅಂದ್ರೆ, ಯಾರೂ ನೋಡಕ್ಕೆ ಬರ್ದಂಗಾಗ್ಲಿ ಕಣಮ್ಮಿ."