ಇಡೊನಿ ಅತ್ತೆಯ ಕೆಟ್ಟ ಹೆಂಡ

ನಮ್ಮ ಅತ್ತೆ ಇಡೊನಿ ಮೂವತ್ತು ವರ್ಷ ಬಾರ್ಲಿಯ ಹೆಂಡ ಕಾಯಿಸಿದವಳು. ಟ್ರೆಂಟ್ ನದಿಯ ಈ ದಂಡೆಯಲ್ಲಿ ಅವಳ ಹೆಂಡಕ್ಕೆ ಸಾಟಿಯಿರಲಿಲ್ಲ, ಅವಳ ಬಾಯಿಗೂ. ಯಾರ್ಕ್ ಮನೆತನ, ಲ್ಯಾಂಕಾಸ್ಟರ್ ಮನೆತನ ಸಿಂಹಾಸನಕ್ಕಾಗಿ ಕಿತ್ತಾಡುತ್ತಿದ್ದ ಕಾಲ ಅದು. "ದಾಯಾದಿಗಳ ಜಗಳ ಕಣೋ. ಕುರ್ಚಿ ಒಂದು, ಕುಂಡಿ ಎರಡು. ಇನ್ನೊಂದು ಮಾಡಿಸಿದ್ರೆ ನಮ್ಮೂರ ಬಡಗಿಗಾದ್ರೂ ಕೆಲ್ಸ ಆಗ್ತಿತ್ತು" ಎನ್ನುತ್ತಿದ್ದಳು.

ನನಗೂ ಅವಳ ಮಗಳು ಸಿಸಿಲಿಗೂ ಮದುವೆ ಗೊತ್ತಾಗಿತ್ತು. ಊರಿಗೆಲ್ಲ ಹೆಂಡ ಹಾಕದೆ ನಮ್ಮಲ್ಲಿ ಮದುವೆಯಾಗುವುದಿಲ್ಲ. ವಸಂತದಲ್ಲಿ ಕಾಯಿಸಿಟ್ಟದ್ದನ್ನು ಯಾರ್ಕ್ ಸೈನಿಕರು ಬಂದು ಬರಿದು ಮಾಡಿ, ಮದುಮಗಳಿಗೆ ಆಶೀರ್ವಾದ ಮಾಡಿ ಹೋದರು. ಮದುವೆ ಸುಗ್ಗಿಯ ನಂತರಕ್ಕೆ ಹೋಯಿತು. ಅತ್ತೆ ಮತ್ತೆ ಕಾಯಿಸಿದಳು. ಇನ್ನು ಮೂರು ದಿನ ಇದೆ ಎನ್ನುವಾಗ ಲ್ಯಾಂಕಾಸ್ಟರ್ ಕಡೆಯ ದಳಪತಿ ಬಂದು, ಅವಳ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ಇಪ್ಪತ್ತು ಜನ' ಎಂದು ಅಲ್ಲಿ ತಂಗುವವರ ಲೆಕ್ಕ ಬರೆದ. ಇವರೂ ಕುಡಿದು ಹೋದರೆ ಮತ್ತೆ ಕಾಯಿಸಲು ಬಾರ್ಲಿಯಿಲ್ಲ, ಮದುವೆಯೂ ಇಲ್ಲ.

ನಾನು ಊರಿನ ಹೆಂಡದ ಪರೀಕ್ಷಕ. ನಾನು ರುಚಿ ನೋಡಿ ಒಪ್ಪುವವರೆಗೆ ಯಾರೂ ಲೋಟ ಮುಟ್ಟುವಂತಿಲ್ಲ. ಕೆಟ್ಟದ್ದೆಂದರೆ ಪೀಪಾಯಿಗೆ ಮುದ್ರೆ, ಕಾಯಿಸಿದವಳಿಗೆ ಸಂತೆಬೀದಿಯಲ್ಲಿ ಅವಮಾನದ ಪೀಠ. ಅತ್ತೆ ಒಮ್ಮೆಯೂ ಆ ಪೀಠ ಹತ್ತಿದವಳಲ್ಲ.

ಅವಳು ನನ್ನನ್ನು ಹಿತ್ತಲಿಗೆ ಕರೆದಳು. "ವ್ಯಾಟ್, ಕೆಟ್ಟೋಗಿದೆ ಅನ್ನು."

"ನಿಮ್ಮ ಹೆಂಡಾನಾ? ನನ್ನ ನಾಲಿಗೆ ಸೇದೋಗುತ್ತೆ ಅತ್ತೆ. ನಿಮ್ಮನ್ನ ಪೀಠ ಹತ್ತಿಸ್ತಾರೆ."

"ಹತ್ತಿಸ್ಲಿ ಬಿಡು. ಬೆಳಗಿಂದ ಕಾಲು ನೋಯ್ತಿದೆ, ಕೂತ್ಕೋತೀನಿ."

ಇಪ್ಪತ್ತು ಜನರ ಮುಂದೆ ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಅಂಥ ರುಚಿಯಾದ ಹೆಂಡ ನಾನು ಈವರೆಗೆ ಕುಡಿದಿರಲಿಲ್ಲ, ಅಳು ಬಂತು. ಮುಖ ಕಿವುಚಿ ಥೂ ಎಂದು ಉಗುಳಿದೆ. ಯುದ್ಧಕ್ಕೆ ಮುಂಚೆ ಹೊಟ್ಟೆ ಕೆಡಿಸಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ದಳಪತಿ ಬಾಗಿಲ ಬರಹ ಒರೆಸಿ ಸೈನಿಕರನ್ನು ಪಕ್ಕದೂರಿಗೆ ಹೊರಡಿಸಿದ. ಹೋಗುವಾಗ ಪೀಠದ ಮೇಲಿದ್ದ ಅತ್ತೆಯನ್ನು ನೋಡಿ ಎಲ್ಲರೂ ಕೇಕೆ ಹಾಕಿದರು. ಅವಳು ತಲೆಯೆತ್ತದೆ ನೂಲು ತೆಗೆಯುತ್ತಿದ್ದಳು.

ಭಾನುವಾರ, ಮದುವೆಯ ದಿನ, ನಾನು ಮುದ್ರೆ ಒಡೆದು, ಮತ್ತೊಮ್ಮೆ ರುಚಿ ನೋಡಿ, ಹೆಂಡ ಸುಧಾರಿಸಿದೆ ಎಂದು ಸಾರಿದೆ. ಊರೆಲ್ಲ ಕುಡಿದು ಕುಣಿಯಿತು, ಪಾದ್ರಿಗಳೂ ಸೇರಿ.

ಆಮೇಲೆ ಸಿಂಹಾಸನ ಇನ್ನೂ ಮೂರು ಸಲ ಕೈ ಬದಲಾಯಿತು. ಎರಡು ಮನೆತನಗಳನ್ನೂ ಅತ್ತೆ ಕ್ಷಮಿಸಿದಳು, ನನ್ನನ್ನಲ್ಲ. ಕಡೆಗಾಲದಲ್ಲಿ ಹಾಸಿಗೆಯ ಬಳಿ ಕರೆದು, ನನ್ನ ಕೈ ಹಿಡಿದುಕೊಂಡು ಹೇಳಿದ್ದೂ ಅದನ್ನೇ.

"ಕೆಟ್ಟೋಗಿದೆ ಅನ್ನು ಅಂದಿದ್ದೆ ಕಣಯ್ಯಾ. ಉಗುಳು ಅಂದಿರ್ಲಿಲ್ಲ."