ನಿಂಬೆಹಣ್ಣು ಈಸಿಕೊಳ್ಳುತ್ತಿದ್ದ ಮೇಡಂ

ಕುವೆಂಪುನಗರದ ಆ ಮಾನಸಿಕ ಚಿಕಿತ್ಸೆಯ ಕ್ಲಿನಿಕ್ಕಿನಲ್ಲಿ ಮೇಡಂ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮಾತನಾಡಿಸಿದ್ದು ಒಂದೇ ದಿನ. ಆಮೇಲಿನ ಚಿಕಿತ್ಸೆಯೆಲ್ಲ ಸಿಟಿ ಬಸ್ಸಿನಲ್ಲೇ. ಜನರೆದುರು ವಾಂತಿಯಾದರೆ ಎಂಬ ಭಯಕ್ಕೆ ನಾನು ಪಿಯುಸಿ ಅರ್ಧಕ್ಕೇ ಬಿಟ್ಟು ವರ್ಷವಾಗಿತ್ತು. ಯಾವ ಮಾತ್ರೆಗೂ ಅದು ಬಗ್ಗಿರಲಿಲ್ಲ.

ಮೂಸಲೆಂದು ಅಮ್ಮ ಕೊಟ್ಟು ಕಳಿಸುತ್ತಿದ್ದ ನಿಂಬೆಹಣ್ಣನ್ನು ಮೇಡಂ ದಿನವೂ ಸ್ಟಾಪಿನಲ್ಲೇ ಈಸಿಕೊಂಡು ತಮ್ಮ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. "ಇದು ಕೈಲಿದ್ರೆ ಭಯ ಹೋಗಲ್ಲ. ಹೆದರ್ಕೋ, ಆದ್ರೆ ಇಳೀಬೇಡ" ಎನ್ನುತ್ತಿದ್ದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅದೇ ದಾರಿಯಲ್ಲಿ ಹೋಗುವುದು, ಬರುವುದು. ಮೇಡಂ ಚಪ್ಪಲಿ ಕಳಚಿ, ಊದಿದ ಪಾದಗಳನ್ನು ಒಂದರ ಮೇಲೊಂದು ಇಟ್ಟುಕೊಂಡು, ಮತ್ತೆ ಅದೇ ಮಾತು. ಅವರಿಗೂ ಸಾಕಾಗಿತ್ತು, ನನಗೂ.

ಒಂಬತ್ತನೆಯ ದಿನ ನಾನು ಬಿಕ್ಕಿ ಬಿಕ್ಕಿ ಅತ್ತೆ. ಹಿಂದಿನ ಸೀಟಿನ ಅಜ್ಜಿ ಮೇಡಂಗೆ, "ಎಂಥಾ ತಾಯಿ ಕಣವ್ವಾ ನೀನು! ಮಗು ಇಂಗೆ ಅಳ್ತಾ ಅದೆ, ಇಳಿಸ್ಕೊಂಡ್ ಓಗು" ಎಂದು ಬೈದಳು. ಮೇಡಂ ನನ್ನ ಕೈ ಹಿಡಿದು, "ಏನೂ ಆಗಲ್ಲ ಕಣಮ್ಮ" ಅಂದುಬಿಟ್ಟರು. ಹಾಗೆ ಸಮಾಧಾನ ಹೇಳಲೇಕೂಡದೆಂದು ಅಮ್ಮನಿಗೆ ತಾಕೀತು ಮಾಡಿದ್ದವರು ಅವರೇ.

ಬಸ್ಸಿಳಿದ ಮೇಲೆ ಹೇಳಿದರು: "ತಪ್ಪು ಮಾಡ್ಬುಟ್ಟೆ. ನಾಳೆ ನೀನೊಬ್ಳೇ ಹೋಗು. ಪಕ್ಕದಲ್ಲಿದ್ರೆ ನಾನೇ ನಿಂಗೆ ನಿಂಬೆಹಣ್ಣಾಗ್ಬುಡ್ತೀನಿ."

ಮರುದಿನ ಒಬ್ಬಳೇ ಹತ್ತಿದೆ. ಮೊಬೈಲು ಇಲ್ಲದ ಕಾಲ. ನಾನು ತಿರುಗಿ ಬರುವವರೆಗೆ ಅವರಿಗೆ ಏನೂ ತಿಳಿಯುವಂತಿರಲಿಲ್ಲ. ಬಸ್ಸು ಹೊರಟಾಗ ಕಿಟಕಿಯಿಂದ ಹಿಂದಕ್ಕೆ ನೋಡಿದೆ. ಮೇಡಂ ಸ್ಟಾಪಿನಲ್ಲಿ ನನ್ನ ನಿಂಬೆಹಣ್ಣನ್ನು ಮೂಗಿಗೊತ್ತಿಕೊಂಡು ನಿಂತಿದ್ದರು.